ಹೆಸರೊಂದು, ಗಿಡವೆರಡು: ತುಮಕೂರಿನ ಹಿತ್ತಲಿಂದ ಚೀನಾದ ಔಷಧದಂಗಡಿಯವರೆಗೆ

ತುಮಕೂರಿಗೆ ಆ ಹೆಸರು ಹೇಗೆ ಬಂತೆಂದು ಊರಿನವರನ್ನು ಕೇಳಿದರೆ ಎರಡು ಉತ್ತರಗಳು ಸಿಗುತ್ತವೆ. ತುಮುಕಿ ಎಂಬ ಸಣ್ಣ ಚರ್ಮವಾದ್ಯದಿಂದ ಬಂತೆಂಬುದು ಒಂದು. ತುಂಬೆ ಗಿಡ ಹೇರಳವಾಗಿದ್ದ 'ತುಂಬೆಯೂರು' ಕಾಲಕ್ರಮದಲ್ಲಿ ತುಮಕೂರಾಯಿತೆಂಬುದು ಇನ್ನೊಂದು. ಇವುಗಳಲ್ಲಿ ಯಾವುದು ಸರಿ ಎಂಬ ತೀರ್ಮಾನವನ್ನು ಭಾಷಾ ವಿದ್ವಾಂಸರಿಗೆ ಬಿಡೋಣ. ಶಿವಪೂಜೆಗೆ ಬೇಕಾದ ಈ ಬಿಳಿ ಹೂವಿನ ಗಿಡ ನೆಗಡಿ, ತಲೆನೋವುಗಳಿಗೂ ಬೇಕಾದ ಮದ್ದಾಗಿತ್ತು. ಮನೆಮದ್ದಿನ ಗಿಡವೊಂದು ಇಡೀ ಊರಿಗೆ ಹೆಸರು ಕೊಟ್ಟಿತೆಂದು ಜನ ನಂಬಿರುವುದೇ ಸಾಕಷ್ಟು ಅರ್ಥಪೂರ್ಣ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯೂ ನಮ್ಮಲ್ಲೇ ಇದೆ. ಹತ್ತಿರದ್ದಕ್ಕೆ ಬೆಲೆಯಿಲ್ಲ ಎಂಬುದು ಅದರ ವ್ಯಂಗ್ಯ. ಚೀನಾದ ಸಾಂಪ್ರದಾಯಿಕ ವೈದ್ಯದ ಬಗ್ಗೆ ಓದುವಾಗ ಈ ಗಾದೆ ನೆನಪಾಗುತ್ತದೆ. ಅಲ್ಲಿನ ಮೂಲಿಕೆಗಳೆಂದರೆ ಯಾವುದೋ ಹಿಮಪರ್ವತದಲ್ಲಿ ಬೆಳೆಯುವ ನಿಗೂಢ ಬೇರುಗಳೆಂದು ನೀವು ಭಾವಿಸಿರಬಹುದು. ಆದರೆ ಚೀನಾದ ಔಷಧದಂಗಡಿಯ ಮರದ ಸೆಳೆಖಾನೆಗಳನ್ನು ಒಂದೊಂದಾಗಿ ಎಳೆದು ನೋಡಿದರೆ ಗುಬ್ಬಿಯ ತೋಟದಲ್ಲಿ, ಕುಣಿಗಲ್ಲಿನ ಗದ್ದೆಯ ಬದುವಿನಲ್ಲಿ, ನಿಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಇರುವ ವಸ್ತುಗಳೇ, ಇಲ್ಲವೇ ಅವುಗಳ ಹತ್ತಿರದ ನೆಂಟರೇ ಸಾಕಷ್ಟು ಸಿಗುತ್ತವೆ. ಅಂಥ ಕೆಲವನ್ನು ಇಲ್ಲಿ ನೋಡೋಣ. ಅವುಗಳ ಗುಣಗಾನ ಮಾಡುವುದು ಉದ್ದೇಶವಲ್ಲ. ಒಂದು ಗಿಡ ಮದ್ದೆನಿಸಿಕೊಳ್ಳಲು ಏನೇನು ಗೊತ್ತಾಗಬೇಕು, ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ಎರಡು ನಾಡುಗಳ ಇತಿಹಾಸ ಚೆನ್ನಾಗಿ ತೋರಿಸಿಕೊಡುತ್ತದೆ.

ಒಂದೇ ಶುಂಠಿ, ಎರಡು ಮದ್ದು

ಮೊದಲು ಶುಂಠಿ. ನೆಗಡಿಯಾದಾಗ ನಮ್ಮ ಮನೆಗಳಲ್ಲಿ ಶುಂಠಿ, ಮೆಣಸು, ಕೊತ್ತಂಬರಿ ಬೀಜ, ಬೆಲ್ಲ ಹಾಕಿ ಕಷಾಯ ಕಾಯಿಸುತ್ತಾರೆ. ಚೀನಾದ ಮನೆಗಳಲ್ಲಿ ಹಸಿ ಶುಂಠಿಯ ಹೋಳುಗಳನ್ನು ಎಳೆ ಈರುಳ್ಳಿ ಗಿಡದ ಬಿಳಿ ಬುಡದೊಂದಿಗೋ ಕಂದು ಸಕ್ಕರೆಯೊಂದಿಗೋ ಕುದಿಸುತ್ತಾರೆ. ಇದು ಬರಿಯ ಅಜ್ಜಿಮದ್ದಲ್ಲ. ಕ್ರಿ.ಶ. 200ರ ಸುಮಾರಿನಲ್ಲಿ ಜಾಂಗ್ ಜೊಂಗ್‌ಜಿಂಗ್ ಎಂಬ ವೈದ್ಯ ಜ್ವರಗಳನ್ನು ಕುರಿತು ಬರೆದ ಗ್ರಂಥದಲ್ಲಿ ಒಂದು ಪ್ರಸಿದ್ಧ ಕಷಾಯವಿದೆ. ದಾಲ್ಚಿನ್ನಿ ಜಾತಿಯ ಮರದ ರೆಂಬೆ, ಪಿಯೊನಿ ಬೇರು, ಜ್ಯೇಷ್ಠಮಧು, ಎಲಚಿ ಜಾತಿಯ ಹಣ್ಣು, ಜೊತೆಗೆ ಹಸಿ ಶುಂಠಿ. ಐದೇ ವಸ್ತುಗಳು.

ಗಮನಿಸಬೇಕಾದದ್ದು 'ಹಸಿ' ಎಂಬ ಮಾತನ್ನು. ಚೀನಾದ ವೈದ್ಯರಿಗೆ ಷೆಂಗ್ ಜಿಯಾಂಗ್ ಎಂಬ ಹಸಿ ಶುಂಠಿ ಬೇರೆ, ಗಾನ್ ಜಿಯಾಂಗ್ ಎಂಬ ಒಣ ಶುಂಠಿ ಬೇರೆ. ಮೊದಲನೆಯದು ಬೆವರು ತರಿಸಲು, ಎರಡನೆಯದು ಹೊಟ್ಟೆಯನ್ನು ಬೆಚ್ಚಗಿಡಲು. ಒಂದರ ಬದಲು ಇನ್ನೊಂದನ್ನು ಬಳಸಬಾರದು. ಆಯುರ್ವೇದವೂ ಹೀಗೆಯೇ ಒಂದನ್ನು ಆರ್ದ್ರಕ ಎಂದೂ ಇನ್ನೊಂದನ್ನು ಶುಂಠಿ ಎಂದೂ ಬೇರೆ ಬೇರೆ ಹೆಸರಿನಿಂದ ಕರೆಯಿತು. ಆರ್ದ್ರ ಎಂದರೆ ಒದ್ದೆಯಾದದ್ದು. ಇದಕ್ಕೆ ರಸಾಯನಶಾಸ್ತ್ರದ ಆಧಾರವೂ ಇದೆ. ಹಸಿ ಶುಂಠಿಯ ಖಾರಕ್ಕೆ ಮುಖ್ಯ ಕಾರಣ ಜಿಂಜೆರಾಲ್. ಒಣಗಿಸುವಾಗ, ಬಿಸಿ ಮಾಡುವಾಗ ಅದರ ಅಣು ಒಂದು ನೀರಿನ ಅಣುವನ್ನು ಕಳೆದುಕೊಂಡು ಶೋಗಾಲ್ ಆಗುತ್ತದೆ. ಶೋಗಾಲ್ ಇನ್ನೂ ಖಾರ, ದೇಹದಲ್ಲಿ ಅದರ ವರ್ತನೆಯೂ ಭಿನ್ನ. ಶುಂಠಿಯ ಜಪಾನಿ ಹೆಸರು ಶೋಗಾ. ಅದರಿಂದಲೇ ಈ ವಸ್ತುವಿಗೆ ಹೆಸರು ಬಂತು. ಎರಡು ನಾಡಿನ ವೈದ್ಯರೂ ಅಣುವಿನ ಕಲ್ಪನೆಯಿಲ್ಲದೆ ನಾಲಿಗೆ ಮತ್ತು ಅನುಭವದಿಂದಲೇ ಈ ವ್ಯತ್ಯಾಸವನ್ನು ಹಿಡಿದಿದ್ದರು.

ಇಬ್ಬರೂ ಬೇರೆ ಬೇರೆಯಾಗಿ ಕಂಡುಕೊಂಡರೇ, ಒಬ್ಬರಿಂದೊಬ್ಬರು ಕಲಿತರೇ? ಶುಂಠಿಯ ಮಟ್ಟಿಗೆ ಹೇಳುವುದು ಕಷ್ಟ. ಬೇರೆ ಕೆಲವು ಮೂಲಿಕೆಗಳಲ್ಲಿ ಹೆಸರೇ ಗುಟ್ಟು ಬಿಟ್ಟುಕೊಡುತ್ತದೆ. ಚೀನಿ ಭಾಷೆಯಲ್ಲಿ ಕರಿಮೆಣಸು ಹುಜಿಯಾವ್, ಎಂದರೆ ಪರದೇಶದವರ ಮೆಣಸು. ಹಿಪ್ಪಲಿಗೆ ಅವರ ಹೆಸರು ಬಿಬಾ. ಇದು ಸಂಸ್ಕೃತದ ಪಿಪ್ಪಲಿಯ ಅಪಭ್ರಂಶ. 1890ರಲ್ಲಿ ಮಧ್ಯ ಏಷ್ಯದ ಕುಚಾ ಎಂಬಲ್ಲಿ ಬೋವರ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿಗೆ ಭೂರ್ಜಪತ್ರದ ಒಂದು ಹಳೆಯ ಸಂಸ್ಕೃತ ಹಸ್ತಪ್ರತಿ ಸಿಕ್ಕಿತು. ಅದರ ಮೊದಲ ಭಾಗವೇ ಬೆಳ್ಳುಳ್ಳಿಯ ಔಷಧ ಗುಣಗಳನ್ನು ಕುರಿತದ್ದು. ಕುಚಾ ಇಂದು ಚೀನಾದ ಷಿನ್‌ಜಿಯಾಂಗ್ ಪ್ರಾಂತದಲ್ಲಿದೆ. ರೇಷ್ಮೆ ಮಾರ್ಗದ ಒಂಟೆಗಳ ಮೇಲೆ ರೇಷ್ಮೆಯೊಂದಿಗೆ ಮದ್ದಿನ ಗ್ರಂಥಗಳೂ ಸಾಗಿದ್ದವೆಂಬುದಕ್ಕೆ ಇದೇ ಸಾಕ್ಷಿ. ಕ್ರಿ.ಶ. 671ರಲ್ಲಿ ಚೀನಾದಿಂದ ಹೊರಟು ನಲಂದದಲ್ಲಿ ವರ್ಷಗಟ್ಟಲೆ ಓದಿದ ಯಾತ್ರಿಕ ಇತ್ಸಿಂಗ್, ತನ್ನ ನಾಡಿನ ಮೂಲಿಕೆಗಳಲ್ಲಿ ಯಾವುವು ಭಾರತದಲ್ಲಿಲ್ಲ, ಭಾರತದಲ್ಲಿ ಅಳಲೆಕಾಯಿ ಎಷ್ಟು ಯಥೇಚ್ಛವಾಗಿದೆ ಎಂದೆಲ್ಲ ಬರೆದಿಟ್ಟಿದ್ದಾನೆ.

ಕೊರಟಗೆರೆಯ ಬಜೆ

ತುಮಕೂರಿನ ಪಕ್ಕದ ಕೊರಟಗೆರೆ ತಾಲ್ಲೂಕಿಗೆ ಔಷಧಿ ಸಸ್ಯಗಳ ಪುಸ್ತಕಗಳಲ್ಲಿ ಒಂದು ವಿಶೇಷ ಸ್ಥಾನವಿದೆ. ಬೇರೆಡೆ ಜೌಗಿನಲ್ಲಿ ತಾನಾಗಿ ಬೆಳೆಯುವ ಬಜೆಯನ್ನು ಇಲ್ಲಿ ರೈತರು ಗದ್ದೆಯಲ್ಲಿ ನೀರು ನಿಲ್ಲಿಸಿ, ಭತ್ತದಂತೆ ನೆಟ್ಟು ಬೆಳೆಯುತ್ತಾ ಬಂದಿದ್ದಾರೆ. ಮಣ್ಣಿನೊಳಗೆ ಅಡ್ಡಲಾಗಿ ಹರಡುವ ಅದರ ಗೆಡ್ಡೆಯನ್ನು ಅಗೆದು, ಒಣಗಿಸಿ ಮಾರುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದು ಅಕೋರಸ್ ಕೆಲಾಮಸ್.

ಬಜೆಯನ್ನು ಬಾಣಂತಿ ಇರುವ ಮನೆಯಲ್ಲಿ ನೀವು ನೋಡಿಯೇ ಇರುತ್ತೀರಿ. ಕಲ್ಲಿನ ಮೇಲೆ ತೇಯ್ದು ಮಗುವಿನ ನಾಲಿಗೆಗೆ ನೆಕ್ಕಿಸುತ್ತಾರೆ. ಮಣಿಗಳಂತೆ ಪೋಣಿಸಿ ಕೈಗೆ ಕಟ್ಟುವುದೂ ಉಂಟು. ಮಗುವಿಗೆ ಮಾತು ಸ್ಪಷ್ಟವಾಗಿ ಬರಲಿ ಎಂಬುದು ಉದ್ದೇಶ. ಸಂಸ್ಕೃತದಲ್ಲಿ ಇದರ ಹೆಸರು ವಚಾ. ಮಾತಿಗೆ ಸಂಬಂಧಿಸಿದ್ದು ಎಂಬ ಅರ್ಥ ಅದರಲ್ಲೇ ಇದೆ. ಈಗ ಚೀನಾಕ್ಕೆ ಬನ್ನಿ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಸಂಕಲನವಾದ, 365 ಔಷಧಗಳನ್ನು ವಿವರಿಸುವ 'ಷೆನ್ನೊಂಗ್ ಬೆನ್‌ಚಾವ್ ಜಿಂಗ್' ಅಲ್ಲಿನ ಅತ್ಯಂತ ಹಳೆಯ ಮೂಲಿಕಾ ಗ್ರಂಥ. ಅದು ಚಾಂಗ್‌ಪು ಎಂಬ ಗಿಡಕ್ಕೆ ಹೇಳುವ ಗುಣಗಳಲ್ಲಿ ಕಿವಿ ಕಣ್ಣುಗಳನ್ನು ಚುರುಕು ಮಾಡುವುದರ ಜೊತೆಗೆ ದನಿ ಹೊರಡಿಸುವುದೂ ಸೇರಿದೆ. ಚಾಂಗ್‌ಪು ಎಂದರೆ ಅಕೋರಸ್! ನಾವು ಯುಗಾದಿಗೆ ಬಾಗಿಲಿಗೆ ಮಾವು ಬೇವು ಕಟ್ಟುವಂತೆ ಅವರು ಐದನೆಯ ತಿಂಗಳ ಐದನೆಯ ದಿನದ ಹಬ್ಬಕ್ಕೆ ಕತ್ತಿಯಾಕಾರದ ಚಾಂಗ್‌ಪು ಎಲೆಗಳನ್ನು ಬಾಗಿಲಿಗೆ ತೂಗುಹಾಕುತ್ತಾರೆ.

ಆದರೆ ಇಲ್ಲೊಂದು ತೊಡಕಿದೆ. ಚೀನಾದಲ್ಲಿ ಚಾಂಗ್‌ಪು ಒಂದಲ್ಲ. ಬೆಟ್ಟದ ತೊರೆಗಳ ಕಲ್ಲುಗಳ ನಡುವೆ ಬೆಳೆಯುವ ಸಣ್ಣ ಎಲೆಯದ್ದು ಒಂದು. ಜೌಗಿನಲ್ಲಿ ಬೆಳೆಯುವ, ನಮ್ಮ ಬಜೆಯೇ ಆದ ದೊಡ್ಡದು ಇನ್ನೊಂದು. ಮದ್ದಿಗೆ ಅವರು ಆರಿಸಿಕೊಂಡದ್ದು ಮುಖ್ಯವಾಗಿ ಕಲ್ಲಿನ ನಡುವಿನದನ್ನು. ನಮ್ಮ ಬಜೆಯೊಳಗೂ ಒಳಭೇದಗಳಿವೆ. ಉತ್ತರ ಅಮೆರಿಕದ ಬಜೆಯ ಜೀವಕೋಶಗಳಲ್ಲಿ ವರ್ಣತಂತುಗಳ ಎರಡು ಗಣಗಳಿದ್ದರೆ, ಯುರೋಪಿನದರಲ್ಲಿ ಮೂರು, ಏಷ್ಯದ ಹಲವು ಕಡೆ ನಾಲ್ಕು. ನೋಡಲು ಎಲ್ಲವೂ ಒಂದೇ. ಆದರೆ ಬೀಟಾ-ಅಸರೋನ್ ಎಂಬ ರಾಸಾಯನಿಕ ಅಮೆರಿಕದ ಎರಡು ಗಣದ ಬಜೆಯಲ್ಲಿ ಇಲ್ಲ. ಭಾರತದ ಬಜೆಯ ಎಣ್ಣೆಯಲ್ಲಿ ಅದೇ ಪ್ರಧಾನ ಅಂಶ. ಭಾರತದ ಬಜೆ ಎಣ್ಣೆಯನ್ನು ಇಲಿಗಳಿಗೆ ದೀರ್ಘಕಾಲ ತಿನ್ನಿಸಿದಾಗ ಕರುಳಿನಲ್ಲಿ ಗಂತಿಗಳು ಕಂಡುಬಂದುದರಿಂದ 1968ರಲ್ಲಿ ಅಮೆರಿಕ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು.

ಹಾಗಾದರೆ ನಮ್ಮ ಹಿರಿಯರಿಗೆ ಬಜೆಯ ಕಟುತನ ತಿಳಿದಿರಲಿಲ್ಲವೇ? ತಿಳಿದಿತ್ತೆನ್ನಲು ಕುರುಹುಗಳಿವೆ. ಆಯುರ್ವೇದದಲ್ಲಿ ಬಜೆಯನ್ನು ಗೋಮೂತ್ರ ಮತ್ತು ಕಷಾಯಗಳಲ್ಲಿ ಬೇಯಿಸಿ ಶೋಧಿಸಿದ ಮೇಲೆ ಬಳಸುವ ಕ್ರಮವಿದೆ. ಕೆಲವು ಮನೆಗಳಲ್ಲಿ ಹರಳೆಣ್ಣೆ ದೀಪದ ಮೇಲೆ ಸುಟ್ಟು ಆಮೇಲೆ ತೇಯುತ್ತಾರೆ. ಚೀನಾದ ವೈದ್ಯದಲ್ಲಂತೂ ಹುರಿಯುವ, ಬೇಯಿಸುವ, ನೆನೆಸುವ ಈ ಸಂಸ್ಕರಣೆಯೇ ಒಂದು ಪ್ರತ್ಯೇಕ ವಿದ್ಯೆ. ಇಷ್ಟಾದರೂ ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಹಾಲಲ್ಲದೆ ಬೇರೇನನ್ನೂ ಕೊಡಬಾರದೆಂಬುದು ಇಂದಿನ ವೈದ್ಯರ ಸ್ಪಷ್ಟ ಸಲಹೆ. ಬಜೆಗೂ ಅದರಿಂದ ವಿನಾಯಿತಿ ಇಲ್ಲ. ತರಗತಿಯಲ್ಲಿ ಇದನ್ನು ಹೇಳುವಾಗ ಮಕ್ಕಳು 'ನಮ್ಮಜ್ಜಿ ಕೊಡ್ತಾರೆ' ಎನ್ನುವುದು ಖಂಡಿತ. ಅಜ್ಜಿಯನ್ನು ಹಳಿಯದೆ, ಮೇಲಿನ ಎರಡೂ ಸಂಗತಿಗಳನ್ನು ಅವರ ಮುಂದಿಡಬಹುದು.

ಗುಬ್ಬಿಯ ಅಡಿಕೆ

ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಸಸ್ಯವಿಜ್ಞಾನಿ 1800ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿದಾಗ ಗುಬ್ಬಿಗೂ ಬಂದಿದ್ದ. ಅಲ್ಲಿನ ವ್ಯಾಪಾರದ ವಿವರಗಳನ್ನು ಬರೆದುಕೊಂಡ. ಅಡಿಕೆ ಅಂದಿಗೂ ಆ ಭಾಗದ ದೊಡ್ಡ ಸರಕು, ಇಂದಿಗೂ ಹೌದು. ಗುಬ್ಬಿಯಲ್ಲಿ ಅಡಿಕೆ ಬೆಳೆ, ಬೆಲೆ, ತಾಂಬೂಲ, ಮರ್ಯಾದೆ ಎಲ್ಲವೂ ಆಗಿದೆ. ಅದನ್ನು ಮದ್ದೆಂದು ಮೊದಲು ನೆನೆಯುವವರು ಕಡಿಮೆ.

ಚೀನಾದಲ್ಲಿ ಅಡಿಕೆಯ ಹೆಸರು ಬಿನ್‌ಲಾಂಗ್. ಮಲಯ ಭಾಷೆಯ ಪಿನಾಂಗ್ ಎಂಬ ಪದವೇ ಹಡಗು ಹತ್ತಿ ಅಲ್ಲಿಗೆ ಹೋಗಿ ಹೀಗಾಯಿತು. ಅಲ್ಲಿ ಅದು ಜಂತುಹುಳುವಿನ ಮದ್ದು. ಚೀನಾದ ಅಧಿಕೃತ ಔಷಧ ಸಂಹಿತೆ ಇಂದಿಗೂ ಅಡಿಕೆಯನ್ನು ಸೇರಿಸಿಕೊಂಡಿದೆ: ಸಾಮಾನ್ಯ ಬಳಕೆಗೆ 3ರಿಂದ 10 ಗ್ರಾಂ, ಲಾಡಿಹುಳುವನ್ನು ಹೊರಹಾಕಲು 30ರಿಂದ 60 ಗ್ರಾಂ, ಕಷಾಯವಾಗಿ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಕ್ಷಾರಾಭ ಹುಳುವಿನ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುತ್ತದೆ. ಅದೇ ಹೊತ್ತಿಗೆ ನಮ್ಮ ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ. ಹಿಡಿತ ತಪ್ಪಿದ ಹುಳು ಹೊರಬೀಳುತ್ತದೆ. ನಾಯಿಗಳ ಲಾಡಿಹುಳುವಿಗೆ ಪಶುವೈದ್ಯರು ಇದೇ ಅರೆಕೊಲಿನ್ ಲವಣವನ್ನು ಬಹುಕಾಲ ಬಳಸಿದ್ದರು. ಈಗ ಅದಕ್ಕಿಂತ ಸುರಕ್ಷಿತವಾದ ಮಾತ್ರೆಗಳಿವೆ.

ಹಾಗೆಂದು ದಿನವಿಡೀ ಅಡಿಕೆ ಜಗಿದರೆ ಹೊಟ್ಟೆ ಶುದ್ಧವೆಂದು ತಿಳಿಯಬೇಡಿ. ಮದ್ದಿಗೆ ಒಂದು ಅಳತೆ, ಒಂದು ಅವಧಿ ಇದೆ; ಚಟಕ್ಕೆ ಎರಡೂ ಇಲ್ಲ. ತಂಬಾಕು ಸೇರದಿದ್ದರೂ ಅಡಿಕೆ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿತು. ಬಾಯಿಯ ಒಳಪದರ ಬಿಗಿದುಕೊಂಡು ಬಾಯಿ ತೆರೆಯಲಾಗದಂತಾಗುವ ಕಾಯಿಲೆ ಅಡಿಕೆ ಜಗಿಯುವ ಚೀನಾದ ಹುನಾನ್ ಪ್ರಾಂತದಲ್ಲೂ ಇದೆ, ನಮ್ಮಲ್ಲೂ ಇದೆ. ಅಡಿಕೆಯಿಂದಲೇ ಬದುಕುವ ಊರುಗಳಲ್ಲಿ ಇದು ಕಹಿ ಮಾತು. ಆದರೂ ವಿಜ್ಞಾನದ ಪಾಠ ಹೇಳುವವರು ಇದನ್ನು ಮುಚ್ಚಿಡುವಂತಿಲ್ಲ.

ಯಾವುದು ಬ್ರಾಹ್ಮಿ?

ಕುಣಿಗಲ್ ಕೆರೆ ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತ. ಅಂಥ ಕೆರೆಗಳ ಅಚ್ಚುಕಟ್ಟಿನ ಗದ್ದೆಬದುಗಳಲ್ಲಿ ತೇವ ಇರುವಷ್ಟು ಕಾಲ ಒಂದೆಲಗ ಹಬ್ಬುತ್ತದೆ. ಚಟ್ನಿ, ತಂಬುಳಿ ಮಾಡುವ ಈ ಸೊಪ್ಪನ್ನು ನೆನಪಿನ ಶಕ್ತಿಗೆಂದು ಮಕ್ಕಳಿಗೆ ತಿನ್ನಿಸುತ್ತೇವೆ. ಚೀನಾದವರು ಇದೇ ಗಿಡವನ್ನು ಜಿಷುಯೆಚಾವ್ ಎಂದು ಕರೆದು ಕಾಮಾಲೆ, ಗಾಯ, ಬಾವುಗಳಿಗೆ ಬಳಸಿದರು. ಗಾಯ ಮಾಯಿಸುವ ಗುಣಕ್ಕೆ ಇದರಲ್ಲಿರುವ ಏಷಿಯಾಟಿಕೊಸೈಡ್ ಕಾರಣವೆಂದು ಪ್ರಯೋಗಗಳು ತೋರಿಸಿವೆ. ನೆನಪಿನ ವಿಷಯದಲ್ಲಿ ಪುರಾವೆ ಅಷ್ಟು ಗಟ್ಟಿಯಾಗಿಲ್ಲ.

ಒಂದೆಲಗವನ್ನು ನಮ್ಮಲ್ಲಿ ಬ್ರಾಹ್ಮಿ ಎಂದೂ ಕರೆಯುತ್ತಾರೆ. ನೀರು ಬ್ರಾಹ್ಮಿ ಎಂಬ, ಸಣ್ಣ ದಪ್ಪ ಎಲೆಯ ಇನ್ನೊಂದು ಗಿಡವೂ ಬ್ರಾಹ್ಮಿಯೇ. ಎರಡೂ ಬೇರೆ ಬೇರೆ ಕುಟುಂಬದವು, ಬೇರೆ ಬೇರೆ ರಾಸಾಯನಿಕಗಳುಳ್ಳವು. ಅಂಗಡಿಯಲ್ಲಿ 'ಬ್ರಾಹ್ಮಿ ಕೊಡಿ' ಎಂದರೆ ಯಾವುದು ಸಿಗುತ್ತದೆ? ಅಂಗಡಿಯವನಿಗೆ ಯಾವುದು ಗೊತ್ತೋ ಅದು. ಈ ಗೊಂದಲದಿಂದ ಪ್ರಾಣಾಪಾಯವಿಲ್ಲ. ಎಲ್ಲ ಗೊಂದಲಗಳೂ ಹೀಗಿರುವುದಿಲ್ಲ.

ಚೀನಾದ ಆಳುವವರು ಈ ಸಮಸ್ಯೆಯನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಕ್ರಿ.ಶ. 659ರಲ್ಲಿ ತಾಂಗ್ ಅರಸರು ಸುಮಾರು 850 ಔಷಧಗಳ ಪಟ್ಟಿಯೊಂದನ್ನು ಸರ್ಕಾರದಿಂದಲೇ ಮಾಡಿಸಿದರು. ಪ್ರಾಂತಗಳಿಂದ ಮಾದರಿಗಳನ್ನೂ ಚಿತ್ರಗಳನ್ನೂ ತರಿಸಿಕೊಂಡು ಮಾಡಿದ ಕೆಲಸವದು. ಮುಂದೆ ಲಿ ಶಿಜೆನ್ ಎಂಬ ವೈದ್ಯ ಹತ್ತಾರು ವರ್ಷ ಊರೂರು ಅಲೆದು, ಬೇಟೆಗಾರರು ರೈತರನ್ನೆಲ್ಲ ವಿಚಾರಿಸಿ 1578ರಲ್ಲಿ 'ಬೆನ್‌ಚಾವ್ ಗಾಂಗ್‌ಮು' ಮುಗಿಸಿದ. 1892 ಔಷಧಗಳು. ಅದರಲ್ಲಿ ಪ್ರತಿಯೊಂದು ಮೂಲಿಕೆಯ ವಿವರಣೆ ಆರಂಭವಾಗುವುದು ಹೆಸರಿನ ಚರ್ಚೆಯಿಂದ. ಯಾವ ಸೀಮೆಯಲ್ಲಿ ಯಾವ ಹೆಸರು, ಹಿಂದಿನವರು ಎಲ್ಲಿ ತಪ್ಪಿದರು ಎಂಬುದೆಲ್ಲ ಮುಗಿದ ಮೇಲೆ ಸಂಸ್ಕರಣೆ, ಗುಣ, ರೋಗಗಳ ಮಾತು.

ನಮ್ಮಲ್ಲೂ ಗ್ರಂಥಗಳಿರಲಿಲ್ಲವೆಂದಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ', ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯವನ್ನು ಕುರಿತು ಬರೆದ 'ಖಗೇಂದ್ರಮಣಿದರ್ಪಣ' ಕನ್ನಡದ ಹೆಮ್ಮೆಯ ಕೃತಿಗಳು. ಆದರೆ ಅವು ಪದ್ಯಗಳು. ಓದುವವನಿಗೆ ಗಿಡದ ಪರಿಚಯ ಮೊದಲೇ ಇದೆ, ಗುರುವಿನ ಜೊತೆ ಕಾಡು ಸುತ್ತಿದ್ದಾನೆ ಎಂಬ ನಂಬಿಕೆಯ ಮೇಲೆ ನಿಂತಂಥವು. ಗುರು ಹೋದರೆ, ಕಾಡು ಹೋದರೆ, ಹೆಸರೊಂದೇ ಉಳಿಯುತ್ತದೆ.

ಎಚ್ಚರಿಕೆಯಿಂದ ಓದಿದರೆ ಹಳೆಯ ಗ್ರಂಥ ಎಂಥ ಫಲ ಕೊಡಬಲ್ಲದೆಂಬುದಕ್ಕೆ ತು ಯುಯು ಅವರ ಕೆಲಸ ನಿಮಗೆ ಗೊತ್ತಿರುವ ಉದಾಹರಣೆ. ನಾಲ್ಕನೆಯ ಶತಮಾನದ ಗ್ರಂಥವೊಂದು ಚಿಂಗ್‌ಹಾವ್ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ ಕುಡಿಯಲು ಹೇಳಿತ್ತು, ಕುದಿಸಲು ಹೇಳಿರಲಿಲ್ಲ. ಈ ಸೂಕ್ಷ್ಮವನ್ನು ಹಿಡಿದು ಅವರು 1971ರಲ್ಲಿ ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. ಅದರಿಂದ ಮಲೇರಿಯಾ ಮದ್ದು ಆರ್ಟಿಮಿಸಿನಿನ್ ಬಂತು; 2015ರಲ್ಲಿ ನೊಬೆಲ್ ಬಂತು. ಅಷ್ಟಾಗಿ ಯಾರೂ ಹೇಳದ ಸಂಗತಿಯೆಂದರೆ, ಚಿಂಗ್‌ಹಾವ್ ಎಂಬ ಹೆಸರು ಒಂದಕ್ಕಿಂತ ಹೆಚ್ಚು ಗಿಡಗಳಿಗಿತ್ತು. ಸಸ್ಯಶಾಸ್ತ್ರಜ್ಞರು ಆ ಹೆಸರು ಕೊಟ್ಟಿದ್ದ ಗಿಡದಲ್ಲಿ ಆರ್ಟಿಮಿಸಿನಿನ್ ಇರಲೇ ಇಲ್ಲ. ಇದ್ದದ್ದು ಆರ್ಟಿಮಿಸಿಯಾ ಆನುವಾದಲ್ಲಿ ಮಾತ್ರ.

ಬೆಲ್ಜಿಯಂ ಪಾಠ

ಹೆಸರು ಕೈಕೊಟ್ಟಾಗ ಏನಾಗುತ್ತದೆಂಬುದು 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದಲ್ಲಿ ಗೊತ್ತಾಯಿತು. ಬ್ರಸೆಲ್ಸ್ ನಗರದ ಒಂದು ಕೇಂದ್ರದಲ್ಲಿ ಮೈ ಇಳಿಸಲು ಮಹಿಳೆಯರಿಗೆ ಚೀನಾದ ಮೂಲಿಕೆಗಳಿದ್ದ ಮಾತ್ರೆ ಕೊಡುತ್ತಿದ್ದರು. ಅದರಲ್ಲಿ ಇರಬೇಕಾಗಿದ್ದದ್ದು ಸ್ಟಿಫಾನಿಯಾ ಎಂಬ ಬಳ್ಳಿಯ ಬೇರು. ಚೀನಿ ಹೆಸರು ಫಾಂಗ್‌ಜಿ. ದಕ್ಷಿಣ ಚೀನಾದಲ್ಲಿ ಗುವಾಂಗ್ ಫಾಂಗ್‌ಜಿ ಎಂಬ ಇನ್ನೊಂದು ಬೇರೂ ಇದೆ. ಅದು ಅರಿಸ್ಟೊಲೋಕಿಯಾ ಕುಲದ್ದು. ಹೆಸರಿನ ಹೋಲಿಕೆಯಿಂದ ಒಂದರ ಬದಲು ಇನ್ನೊಂದು ಬಂದಿತು. ಯೌವನದಲ್ಲಿದ್ದ ಮಹಿಳೆಯರ ಮೂತ್ರಪಿಂಡಗಳು ಒಂದೊಂದಾಗಿ ನಿಂತವು. 1993ರಲ್ಲಿ ವೈದ್ಯರು ಮೊದಲ ವರದಿ ಪ್ರಕಟಿಸಿದರು. ಆಮೇಲೆ ರೋಗಿಗಳ ಸಂಖ್ಯೆ ನೂರನ್ನು ದಾಟಿತು. ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಕಾರಣ ಅರಿಸ್ಟೊಲೋಕಿಕ್ ಆಮ್ಲ. ಅದು ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಶಾಶ್ವತವಾದ ಗಾಯ ಮಾಡುತ್ತದೆ. ಚೀನಾವೂ 2003 ಮತ್ತು 2004ರಲ್ಲಿ ಈ ಕುಲದ ಹಲವು ಮೂಲಿಕೆಗಳನ್ನು ತನ್ನ ಅಧಿಕೃತ ಪಟ್ಟಿಯಿಂದ ತೆಗೆಯಿತು.

ಅದು ದೂರದ ಮಾತೆಂದು ಕೈಬಿಡುವಂತಿಲ್ಲ. ಅರಿಸ್ಟೊಲೋಕಿಯಾ ನಮ್ಮಲ್ಲೂ ಇದೆ. ಹಾವು ಕಚ್ಚಿದಾಗ ಅರೆದು ಕುಡಿಸುವ ಈಶ್ವರಿ ಬೇರು ಅದೇ ಕುಲದ್ದು. ವಿಷಕ್ಕೆ ಅದು ಮದ್ದಾಗದು, ಪ್ರತಿವಿಷದ ಚುಚ್ಚುಮದ್ದು ಮಾತ್ರ ಮದ್ದು. ಬೇರು ಹುಡುಕುವ ಹೊತ್ತಿನಲ್ಲಿ ಆಸ್ಪತ್ರೆ ಸೇರಬಹುದು. ಇನ್ನೊಂದು ಜಾತಿ ಒಣಭೂಮಿಯಲ್ಲಿ ನೆಲದ ಮೇಲೆ ಹರಡುವ ಅರಿಸ್ಟೊಲೋಕಿಯಾ ಬ್ರ್ಯಾಕ್ಟಿಯೊಲೇಟಾ. ಕಹಿಯಾದ್ದರಿಂದ ಮೇಕೆ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಆಡುಮುಟ್ಟದ ಗಿಡ.

ಕನ್ನಡ ಸಸ್ಯಪಟ್ಟಿಗಳಲ್ಲಿ ಇದೇ ಹೆಸರಿನ ಇನ್ನೊಂದು ಗಿಡ ಇದೆ: ಟೈಲೊಫೊರಾ ಇಂಡಿಕಾ, ಉಬ್ಬಸಕ್ಕೆ ಎಲೆ ಅಗಿಯುವ ಬಳ್ಳಿ. 1960ರ ದಶಕದಲ್ಲಿ ದೆಹಲಿಯ ವೈದ್ಯರು ದಿನಕ್ಕೆ ಒಂದೇ ಎಲೆಯಂತೆ ಆರು ದಿನ ಕೊಟ್ಟು ಪರೀಕ್ಷಿಸಿದಾಗ ಕೆಲವರಿಗೆ ಗುಣ ಕಂಡಿತು. ಮುಂದಿನ ಪರೀಕ್ಷೆಗಳ ಫಲಿತಾಂಶ ಒಂದೇ ರೀತಿ ಬರಲಿಲ್ಲ. ಅದಿರಲಿ. 'ಉಬ್ಬಸಕ್ಕೆ ಆಡುಮುಟ್ಟದ ಎಲೆ ಅಗಿಯಿರಿ' ಎಂದು ಯಾರೋ ಹೇಳಿದರು, ಕೇಳಿದವರು ಹೊಲದಂಚಿನಲ್ಲಿ ಸಿಕ್ಕ ಆಡುಮುಟ್ಟದ ಗಿಡವನ್ನು ಕಿತ್ತರು ಎಂದಿಟ್ಟುಕೊಳ್ಳಿ. ಫಾಂಗ್‌ಜಿ ಕಥೆ ಕನ್ನಡದಲ್ಲಿ ಮರುಕಳಿಸಲು ಬೇರೇನೂ ಬೇಕಿಲ್ಲ.

ಈ ಎರಡು ಗಿಡಗಳನ್ನು ಬೇರ್ಪಡಿಸುವುದು ಹೈಸ್ಕೂಲು ವಿದ್ಯಾರ್ಥಿಗೂ ಸಾಧ್ಯ. ದೇವರಾಯನದುರ್ಗದಲ್ಲಿ ಅರಣ್ಯ ಇಲಾಖೆ 1990ರ ದಶಕದಲ್ಲಿ ಗುರುತಿಸಿದ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶವಿದೆ. ರಾಜ್ಯದಲ್ಲಿ ಮೊದಲು ಗುರುತಿಸಿದ ಇಂಥ ಹದಿಮೂರರಲ್ಲಿ ಅದೂ ಒಂದು. ಶಾಲೆಯಿಂದ ಪ್ರವಾಸ ಹೋದಾಗ ಕಿತ್ತು ತರದೆ, ನಿಂತು ನೋಡಿ ಬರೆದುಕೊಳ್ಳಲು ಒಳ್ಳೆಯ ಜಾಗ. ಆಡುಮುಟ್ಟದ ಗಿಡವೆಂದು ಯಾರಾದರೂ ತೋರಿಸಿದರೆ ಮೊದಲು ಎಲೆಗಳ ಜೋಡಣೆ ನೋಡಿ. ಟೈಲೊಫೊರಾ ಇತರ ಗಿಡಗಳನ್ನು ಸುತ್ತಿ ಏರುವ ಬಳ್ಳಿ. ಎಲೆಗಳು ಎರಡೆರಡಾಗಿ ಎದುರುಬದುರು. ಸಣ್ಣ ಹೂವಿಗೆ ಐದು ದಳ. ಕಾಯಿ ಒಡೆದರೆ ಎಕ್ಕದ ಬೀಜದಂತೆ ರೇಷ್ಮೆಕೂದಲಿನ ಬೀಜಗಳು ಹಾರುತ್ತವೆ. ಅರಿಸ್ಟೊಲೋಕಿಯಾದ ಎಲೆ ಬುಡದಲ್ಲಿ ಒಳಬಾಗಿದ ಹೃದಯ ಇಲ್ಲವೇ ಮೂತ್ರಪಿಂಡದ ಆಕಾರದ್ದು, ಗಂಟಿಗೊಂದೇ. ಹೂವಿಗೆ ಬಿಡಿ ದಳಗಳಿಲ್ಲ, ಬಾಗಿದ ಕೊಳವೆಯೊಂದು ಬುಡದಲ್ಲಿ ಉಬ್ಬಿ ತುದಿಯಲ್ಲಿ ನಾಲಿಗೆಯಂತೆ ಚಾಚಿರುತ್ತದೆ. ನೋಡಿದ್ದನ್ನು ಬರೆಯುವಾಗ ಊರು, ದಿನಾಂಕ, ನೆಲದ ಬಗೆ, ತೋರಿಸಿದವರು ಹೇಳಿದ ಕನ್ನಡ ಹೆಸರು ಇಷ್ಟನ್ನೂ ಬರೆಯಿರಿ. ಅದೇ ಹೆಸರನ್ನು ಪಕ್ಕದ ತಾಲ್ಲೂಕಿನಲ್ಲಿ ಯಾವ ಗಿಡಕ್ಕೆ ಹೇಳುತ್ತಾರೆಂದು ಕೇಳಿ, ಅದಕ್ಕೂ ಒಂದು ಸಾಲು ಖಾಲಿ ಬಿಡಿ.